ಜಾಡಿಯಲ್ಲೇ ಉಳಿದ ನಲವತ್ತು ಚೀಟಿ

ಅಂಕಿ ಸರಿಯಾಗಿದ್ದರೆ ಬರೆದವನ ತಪ್ಪೇನು? ಕ್ಯಾಲಮ್ ಟ್ರೆಗೆನ್ಜಾ ಬೆಳಗಿನಿಂದ ಇದೊಂದನ್ನೇ ತನ್ನೊಳಗೆ ಕೇಳಿಕೊಳ್ಳುತ್ತಿದ್ದ. ಹಿಂದಿನ ವರ್ಷದ ಮಾರ್ಚ್ ತಿಂಗಳಲ್ಲಿ ನಲವತ್ತು ಇಲಿಗಳ ಎದೆಯನ್ನು ಅಲ್ಟ್ರಾಸೌಂಡ್ ಯಂತ್ರದಲ್ಲಿ ನೋಡಿ, ರಕ್ತ ಎಷ್ಟು ರಭಸದಿಂದ ಹರಿಯುತ್ತಿದೆ ಎಂದು ನಲವತ್ತು ಅಂಕಿ ಬರೆದಿದ್ದ. ಅದರಲ್ಲಿ ಒಂದೂ ಸುಳ್ಳಲ್ಲ. ಹಾಗಾದರೆ ಮುಂದಿಟ್ಟ ಚಹಾ ಯಾಕೆ ಹಾಗೇ ಉಳಿದಿದೆ?

"ತಣ್ಣಗಾಯ್ತು, ಕುಡಿಯಯ್ಯಾ," ಎಂದರು ವೆರಾ ಲಿಂಡ್ನರ್.

ವೆರಾ ಅಡಿಲೇಡಿನ ಆ ಹೃದಯ ಸಂಶೋಧನಾ ಸಂಸ್ಥೆಯ ಪಶುವೈದ್ಯೆ. ಹದಿನೆಂಟು ವರ್ಷಗಳಿಂದ ಆವರಣದ ಹಿಂದಿನ ಮನೆಯಲ್ಲೇ ವಾಸ. ಕಾಣೆಯಾದ ಅರಿವಳಿಕೆ ಸೀಸೆಯಿರಲಿ, ಕಾರಣವಿಲ್ಲದೆ ಸತ್ತ ಇಲಿಗಳಿರಲಿ, ಸಂಸ್ಥೆಯಲ್ಲಿ ಏನು ಎಡವಟ್ಟಾದರೂ ಜನ ಮೊದಲು ಬರುವುದು ಅವರ ಅಡುಗೆಮನೆಗೆ. ಅಂಥ ಹುಡುಕಾಟಗಳಲ್ಲೆಲ್ಲ ಅವರ ಜೊತೆಗಿರುತ್ತಿದ್ದವನು ಕ್ಯಾಲಮ್.

ಆ ದಿನ ಬಂದವಳು ಸೂಲಾ ಮಾವ್ರಿಡಿಸ್, ಇಲಿಮನೆಯನ್ನು ಇಪ್ಪತ್ತೆರಡು ವರ್ಷ ನೋಡಿಕೊಂಡವಳು. ಕೂರಲಿಲ್ಲ.

"ಡಾಕ್, ನನ್ನನ್ನ ತೆಗೀತಾರಂತೆ. ಸೋಮವಾರ ಸಭೆ. ನಾನು ಪಂಜರ ಅದಲು ಬದಲು ಮಾಡಿದೆ ಅಂತ ಗ್ರೇಮ್ ಬರೆದುಕೊಟ್ಟಿದಾರೆ."

ಪ್ರೊಫೆಸರ್ ಗ್ರೇಮ್ ಆಸ್ಲರ್ ಹನ್ನೆರಡು ವರ್ಷದಿಂದ ಒಂದೇ ಔಷಧದ ಬೆನ್ನು ಬಿದ್ದಿದ್ದರು. ಇಲಿಯ ಎದೆ ತೆರೆದು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಸುತ್ತ ದಾರ ಬಿಗಿಯುತ್ತಾರೆ. ಆ ಇಕ್ಕಟ್ಟಿನ ವಿರುದ್ಧ ತಳ್ಳಿ ತಳ್ಳಿ ಹೃದಯ ದಪ್ಪವಾಗುತ್ತದೆ, ಊದುತ್ತದೆ, ಎಂಟು ವಾರಗಳಲ್ಲಿ ಸೋಲುತ್ತದೆ. ಆಸ್ಲರ್ ಪ್ರಯೋಗದಲ್ಲಿ ಬರೀ ನೀರು ಕುಡಿದ ಇಪ್ಪತ್ತರಲ್ಲಿ ಹೆಚ್ಚಿನವುಗಳ ಹೃದಯ ಊದಿತ್ತು. ಔಷಧ ಕುಡಿದ ಇಪ್ಪತ್ತರಲ್ಲಿ ಹೆಚ್ಚಿನವುಗಳದು ಊದಿರಲಿಲ್ಲ. ಪತ್ರಿಕೆಗಳಲ್ಲಿ ಅವರ ಫೋಟೊ ಬಂತು. ಆಮೇಲೆ ಬ್ರಿಸ್ಬೇನಿನ ಒಂದು ಪ್ರಯೋಗಾಲಯ ಅದನ್ನೇ ಮೂರು ಸಲ ಮಾಡಿ ನೋಡಿತು. ಔಷಧದಿಂದ ಏನೂ ಆಗಲಿಲ್ಲ.

"ಹೋಲಿಸಿ ನೋಡೋಕೆ ಅಂತ ಬೇರೆ ಹತ್ತು ಇಲಿ ಇದ್ವಲ್ಲ," ಎಂದಳು ಸೂಲಾ, "ಎದೆ ತೆರೆದು, ದಾರ ಕಟ್ಟದೇನೇ ಹೊಲಿದುಬಿಟ್ಟಿದ್ದು, ಅವನ್ನ ನಾನು ಔಷಧದ ಪಂಜರಕ್ಕೆ ಹಾಕಿದೆನಂತೆ. ನನ್ನ ಮಕ್ಕಳ ಹೆಸರು ಅದಲು ಬದಲು ಕರೆದಿದೀನಿ ಡಾಕ್, ಇಲಿಗಳದ್ದು ಯಾವತ್ತೂ ಇಲ್ಲ."

"ಗುಂಪು ಮಾಡಿದ ದಿನ ಏನಾಯ್ತು, ನೆನಪಿದೆಯಾ?"

"ಏನೂ ಆಗ್ಲಿಲ್ಲ. ಅದಕ್ಕೇ ನೆನಪಿದೆ. ಬ್ರೆಡ್ಡಿಗೆ ಹಚ್ಚೋ ವೆಜಿಮೈಟಿನ ಖಾಲಿ ಜಾಡಿ, ನಮ್ಮ ಚೀಟಿ ಜಾಡಿ, ಗೊತ್ತಲ್ಲ? ಯಾವ ಇಲಿ ಯಾವ ಗುಂಪಿಗೆ ಅಂತ ಚೀಟಿ ಎತ್ತೋಳು ಯಾವಾಗಲೂ ನಾನೇ. ಹೃದಯದ ಬಗ್ಗೆ ನಂಗೇನೂ ತಿಳಿಯಲ್ಲ, ಅದಕ್ಕೇ ನನ್ನ ಕೈ. ಅವತ್ತು ಗ್ರೇಮ್ ಗುಂಪಿನ ಪಟ್ಟಿ ತಾವೇ ತಂದುಬಿಟ್ರು. 'ಆಫೀಸಲ್ಲೇ ಚೀಟಿ ಎತ್ತಿದೆ, ನಿನಗ್ಯಾಕೆ ತೊಂದರೆ' ಅಂದ್ರು. ಪಂಜರ ತೊಳೆಯೋ ದಿನ ಬೇರೆ. ಒಳ್ಳೇದೇ ಆಯ್ತು ಅಂದ್ಕೊಂಡೆ."

ವೆರಾ ಬಟ್ಟಲು ಕೆಳಗಿಟ್ಟರು. "ಜಾಡಿ ಎಲ್ಲಿದೆ?"

"ಮೇಲಿನ ಕಪಾಟಲ್ಲಿ. ಧೂಳು ಹಿಡೀತಿದೆ."

ಅವಳು ಹೊರಡುವಾಗ ಕ್ಯಾಲಮ್‌ನ ಭುಜ ಹಿಡಿದಳು. "ನೀನೂ ಇರ್ತೀಯಲ್ಲಪ್ಪಾ, ಸೋಮವಾರ?"

"ಇರ್ತೀನಿ," ಎಂದ.

ಮಧ್ಯಾಹ್ನ ವೆರಾ ಶೀತಪೆಟ್ಟಿಗೆಯಿಂದ ನಲವತ್ತು ಪೊಟ್ಟಣ ತೆಗೆಸಿದರು. ಐದು ವರ್ಷ ಯಾವ ಕಳೇಬರವನ್ನೂ ಎಸೆಯಬಾರದೆಂಬುದು ಅವರದೇ ನಿಯಮ. ಕಿವಿಯ ಕಚ್ಚುಗಳನ್ನು ನೋಡಿ ಕ್ಯಾಲಮ್ ಸಂಖ್ಯೆ ಹೇಳಿದ; ವೆರಾ ಒಂದೊಂದೇ ಎದೆಯನ್ನು ಬಿಡಿಸಿದರು. ಪ್ರತಿಯೊಂದರಲ್ಲೂ ರೇಷ್ಮೆ ದಾರದ ಪುಟ್ಟ ಉಂಗುರವಿತ್ತು. ಆ ಉಂಗುರಗಳೊಳಗೆ ಅವರು ತೆಳುವಾದ ಸೂಜಿ, ಆಮೇಲೆ ಅದಕ್ಕಿಂತ ದಪ್ಪದ್ದು ತೂರಿಸಿ ನೋಡುತ್ತ ಸಂಜೆಯವರೆಗೂ ಕೂತರು. ಕೊನೆಯ ಪೊಟ್ಟಣ ಕಟ್ಟುವಾಗ ಕೇಳಿದರು:

"ದಾರ ಕಟ್ಟಿ ಒಂದು ವಾರಕ್ಕೆ ತೆಗೆದ ಅಂಕಿಗಳನ್ನ ಎಲ್ಲಿಟ್ಟಿದ್ದೆ ಕ್ಯಾಲಮ್?"

"ಬೀಗ ಹಾಕಿದ ಡ್ರಾಯರಲ್ಲಿ. ನಿಯಮ ಇದೆಯಲ್ಲ."

"ಇದೆ," ಎಂದರು ವೆರಾ.

ಸೋಮವಾರ ಇಲಿಮನೆಯ ಪಕ್ಕದ ಕೋಣೆಯಲ್ಲಿ ಆರು ಮಂದಿ ಸೇರಿದರು. ಮೇಜಿನ ತುದಿಯಲ್ಲಿ ನಿರ್ದೇಶಕಿ ರಾಸಲಿಂಡ್ ಪೈಕ್, ಪಕ್ಕದಲ್ಲಿ ಆಸ್ಲರ್, ಎದುರಿಗೆ ಇಲಿಗಳಿಗೆ ಶಸ್ತ್ರಕ್ರಿಯೆ ಮಾಡುವ ಯುವ ವೈದ್ಯ ಫಿನ್ ಹ್ಯಾಲರನ್. ಸೂಲಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದಳು.

"ಸೂಲಾ ಪಂಜರ ಬದಲಿಸಿದ್ದರೆ," ವೆರಾ ಶುರುಮಾಡಿದರು, "ಔಷಧದ ಗುಂಪಿನ ಕೆಲವು ಇಲಿಗಳಲ್ಲಾದರೂ ದಾರ ಇರಬಾರದಿತ್ತು. ನಲವತ್ತನ್ನೂ ತೆರೆದೆ. ನಲವತ್ತರಲ್ಲೂ ದಾರ ಇದೆ. ಆದರೆ ಇಪ್ಪತ್ತರ ಗಂಟು ಬಿಗಿ, ಇಪ್ಪತ್ತರದ್ದು ಸಡಿಲ. ಸಡಿಲ ಇದ್ದವುಗಳಲ್ಲಿ ಹದಿನೇಳು ಔಷಧದ ಗುಂಪಿನವು. ಗಂಟು ಸಡಿಲ ಇದ್ದರೆ ಹೃದಯಕ್ಕೆ ಭಾರ ಕಡಿಮೆ. ಔಷಧ ಬೇಕಾಗಿಲ್ಲ, ನೀರು ಕುಡಿದರೂ ಅದು ಊದಲ್ಲ."

ಫಿನ್ ಕುರ್ಚಿ ಹಿಂದಕ್ಕೆ ಸರಿಸಿದ. "ಗಂಟು ಹಾಕಿದ್ದು ನಾನು. ಆದ್ರೆ ಬೇಕಂತ ಅಲ್ಲ, ದೇವರಾಣೆ. ದಿನಕ್ಕೆ ಹತ್ತು ಇಲಿ ಕೊಯ್ದರೆ ಕೈ ಒಂದೇ ಥರ ಇರಲ್ಲ."

"ಇರಲ್ಲ. ಯಾರ ಕೈಯೂ ಇರಲ್ಲ. ನೀನು ಗಂಟು ಹಾಕಿದಾಗ ಗುಂಪುಗಳೇ ಆಗಿರಲಿಲ್ಲ ಮಾರಾಯ. ಪಟ್ಟಿ ಬಂದಿದ್ದು ಎಂಟು ದಿನ ಆದಮೇಲೆ. ಯಾವುದಕ್ಕೆ ಔಷಧ ಅಂತ ಗೊತ್ತಿಲ್ಲದೆ ನೀನು ಮೋಸ ಮಾಡೋದು ಹೇಗೆ? ಪಟ್ಟಿ ಮಾಡಿದವರಿಗೆ ಮಾತ್ರ ಅದು ಸಾಧ್ಯ."

ಆಸ್ಲರ್ ನಕ್ಕರು. "ಪಟ್ಟಿ ಚೀಟಿ ಎತ್ತಿ ಮಾಡಿದ್ದು, ವೆರಾ."

ವೆರಾ ಚೀಲದಿಂದ ಧೂಳು ಹಿಡಿದ ಜಾಡಿ ತೆಗೆದು ಮೇಜಿನ ಮೇಲೆ ಬೋರಲು ಹಾಕಿದರು. ಮಡಿಸಿದ ಚೀಟಿಗಳು ಚೆಲ್ಲಿದವು. "ಎತ್ತಿದ ಚೀಟಿಯನ್ನ ಹರಿದು ಬಿಸಾಡೋದು ಇಲ್ಲಿನ ಪದ್ಧತಿ. ಆ ಪ್ರಯೋಗಕ್ಕೆ ಸೂಲಾ ಬರೆದಿಟ್ಟ ನಲವತ್ತೂ ಇಲ್ಲೇ ಇವೆ. ಎಣಿಸಿಕೊಳ್ಳಿ."

ಯಾರೂ ಎಣಿಸಲಿಲ್ಲ.

"ದಾರ ಕಟ್ಟಿದ ಮೇಲೆ ಯಾವುದು ಬಿಗಿ, ಯಾವುದು ಸಡಿಲ ಅಂತ ಹೊರಗಿನಿಂದ ಕಾಣಲ್ಲ," ವೆರಾ ಮುಂದುವರಿಸಿದರು. "ಅದನ್ನ ಹೇಳೋದು ಒಂದು ವಾರದ ಅಲ್ಟ್ರಾಸೌಂಡ್ ಅಂಕಿ ಮಾತ್ರ. ಬಿಗಿ ಇದ್ದಲ್ಲಿ ರಕ್ತ ರಭಸದಿಂದ ಚಿಮ್ಮುತ್ತೆ. ಪ್ರಯೋಗ ಮುಗಿಯೋ ತನಕ ಅದನ್ನ ಯಾರೂ ನೋಡಬಾರದು. ನಿಮ್ಮ ಕಡತ ತರಿಸಿ ನೋಡಿದಾಗ ಆ ಅಂಕಿಗಳ ಹಾಳೆ ಸಿಕ್ಕಿತು, ಗ್ರೇಮ್. ಹದಿನೇಳು ಸಡಿಲ ಗಂಟುಗಳ ಎದುರು ಪೆನ್ಸಿಲ್ ಗುರುತಿದೆ. ಉಳಿದ ಮೂರನ್ನ ನೀರಿನ ಗುಂಪಿಗೆ ಬಿಟ್ಟಿರಿ, ಕಣ್ಣಿಗೆ ಹೊಡೆಯದ ಹಾಗೆ."

ಆಸ್ಲರ್ ಕನ್ನಡಕ ತೆಗೆದು ಒರೆಸಿಕೊಂಡರು.

"ಔಷಧ ಕೆಲಸ ಮಾಡುತ್ತೆ ಅಂತ ನನಗೆ ಗೊತ್ತಿತ್ತು. ಹನ್ನೆರಡು ವರ್ಷ. ಇಲಿಗಳಿಗೆ ಮಾತ್ರ ಗೊತ್ತಾಗಲಿಲ್ಲ."

"ಹಾಳೆ ನಿಮ್ಮ ಕೈಗೆ ಹೇಗೆ ಬಂತು?" ರಾಸಲಿಂಡ್ ಕೇಳಿದರು.

ಆಸ್ಲರ್ ಕಣ್ಣು ಕ್ಯಾಲಮ್ ಮೇಲೆ ಒಂದು ಕ್ಷಣ ನಿಂತು ಮುಂದೆ ಹೋಯಿತು. "ಕೇಳಿ ಪಡೆದಿದ್ದಲ್ಲ. ಇಲಿಮನೆಯ ಮೇಜಿನ ಮೇಲೆ ಬಿದ್ದಿತ್ತು. ಎತ್ತಿಕೊಂಡೆ."

"ಸುಳ್ಳು!" ಸೂಲಾ ಎದ್ದು ನಿಂತಳು. "ನನ್ನ ಮೇಜಿನ ಮೇಲೆ ಕಾಗದ ಇರಲ್ಲ!"

"ಆ ಮೇಜನ್ನ ಅವಳು ಗಂಟೆಗೊಮ್ಮೆ ಕ್ರಿಮಿನಾಶಕ ನೀರಲ್ಲಿ ಒರೆಸ್ತಾಳೆ," ಎಂದರು ವೆರಾ ಮೆಲ್ಲಗೆ. "ಅಲ್ಲಿ ಬಿದ್ದಿದ್ದರೆ ಒದ್ದೆಯಾಗ್ತಿತ್ತು, ಹಾಳೆ ಮೇಲೆ ಒಂದು ಕಲೆಯೂ ಇಲ್ಲ. ಅದನ್ನ ಯಾರೋ ಕೈಯಿಂದ ಕೈಗೆ ಕೊಟ್ಟಿದಾರೆ."

ಅವರು ಯಾರನ್ನೂ ನೋಡಲಿಲ್ಲ. ಕಾಯುತ್ತ, ಚೆಲ್ಲಿದ ಚೀಟಿಗಳನ್ನು ಜಾಡಿಗೆ ತುಂಬತೊಡಗಿದರು. ಗೋಡೆಯಾಚೆ ಇಲಿಗಳು ಮರದ ಹೊಟ್ಟು ಕೆದರುವ ಸದ್ದು ಕೇಳುತ್ತಿತ್ತು. ಕ್ಯಾಲಮ್ ಒಂದು ಚೀಟಿ ಎತ್ತಿಕೊಂಡು ಮಡಿಕೆ ಬಿಡಿಸಿದ, ಮತ್ತೆ ಮಡಿಸಿದ. ಇಪ್ಪತ್ತೊಂಬತ್ತು.

ನಿರ್ದೇಶಕಿ ಕಡತ ಮುಚ್ಚಿದರು.

ಆಸ್ಲರ್ ಆರೋಗ್ಯದ ಕಾರಣ ಕೊಟ್ಟು ನಿವೃತ್ತರಾದರು, ಬೀಳ್ಕೊಡುಗೆಯಲ್ಲಿ ಭಾಷಣಗಳಾದವು. ಹಾಳೆ ಕೊಟ್ಟೆನೆಂದು ಯಾರೂ ಒಪ್ಪದ ಕಾರಣ ಆಸ್ಲರ್ ಮಾತೇ ನಿಂತಿತು; ಗುಟ್ಟಿನ ಹಾಳೆ ಇಲಿಮನೆಯಲ್ಲಿ ಬಿದ್ದಿತ್ತೆಂದೂ, ಚೀಟಿ ಎತ್ತದೇ ಇದ್ದದ್ದನ್ನು ತಿಳಿಸಲಿಲ್ಲವೆಂದೂ ಸೂಲಾಳನ್ನು ತೆಗೆದರು. ಎರಡನೆಯದು ನಿಜವಾಗಿತ್ತು. ಮೊದಲನೆಯದು ಇಲ್ಲದಿದ್ದರೆ ಎಚ್ಚರಿಕೆ ಪತ್ರದಲ್ಲೇ ಮುಗಿಯುತ್ತಿತ್ತು ಎಂದು ರಾಸಲಿಂಡ್ ಅವರೇ ಹೇಳಿದರು.

ಕೊನೆಯ ದಿನ ಸೂಲಾ ತುಪ್ಪದ ಬಿಸ್ಕತ್ತಿನ ಡಬ್ಬಿ ತಂದು ಕ್ಯಾಲಮ್ ಕೈಗಿಟ್ಟಳು. "ಇರ್ತೀನಿ ಅಂದಿದ್ದೆ ನೀನು, ಇದ್ದೆ. ಉಳಿದವರೆಲ್ಲ ಮುಖ ತಿರುಗಿಸ್ಕೊಂಡ್ರು ಕಣಪ್ಪಾ."

ವೆರಾ ಆಮೇಲೆ ಅವನನ್ನು ಚಹಾಕ್ಕೆ ಕರೆಯಲಿಲ್ಲ.

ಆ ಮಾರ್ಚ್ ತಿಂಗಳ ಒಂದು ಬೆಳಗ್ಗೆ, "ಸುಮ್ಮನೆ ಒಂದು ಸಲ ನೋಡಿಕೊಡ್ತೀನಿ" ಎಂದು ಆಸ್ಲರ್ ಕೇಳಿದಾಗ, ಡ್ರಾಯರಿನ ಬೀಗ ತೆಗೆದು ಆ ಹಾಳೆಯನ್ನು ಅವರ ಕೈಗೆ ಕೊಟ್ಟವನು ತಾನು ಎಂದು ಕ್ಯಾಲಮ್ ಯಾರಿಗೂ ಹೇಳಲಿಲ್ಲ.