ಅಲ್ಲಿಲ್ಲದ ಗಾಡಿ

ಬೆಳಿಗ್ಗೆ ಒಂಬತ್ತಕ್ಕೆ ಠಾಣೆಗೆ ಬಂದ ದೂರುದಾರ ಕುರ್ಚಿಯಲ್ಲಿ ಕೂರಲೇ ಇಲ್ಲ. ಹಿಂದಿನ ಸಂಜೆ ಅವನ ಅಕ್ಕನಿಗೆ ಎದೆನೋವು ಬಂದು, ಚಾಲಕನಿಲ್ಲದ ಆಂಬುಲೆನ್ಸಿಗೆ ಹತ್ತಿಸಿದ್ದರು. ಶಾಲೆ ಹತ್ತಿರದ ಕೂಡುರಸ್ತೆಯಲ್ಲಿ ಅದು ನಿಂತದ್ದು ನಿಂತೇ ಬಿಟ್ಟಿತು. ಅಕ್ಕ ಅಲ್ಲೇ ಹೋಗಿಬಿಟ್ಟಳು.

"ಎದುರಿಗೆ ಏನಿತ್ತು?" ಇನ್ಸ್‌ಪೆಕ್ಟರ್ ಕೇಳಿದರು.

"ಒಂದು ನಾಯೀನೂ ಇರ್ಲಿಲ್ಲ ಮೇಡಂ! ಇಳಿದು ತಳ್ಳಿದೆ, ಜಗ್ಗಲಿಲ್ಲ. ಸ್ಟೇರಿಂಗೇ ಇಲ್ಲದ ಗಾಡೀನ ಯಾವನು ಓಡಿಸ್ತಾನೆ?"

ಎಫ್‌ಐಆರ್ ದಾಖಲಾಯಿತು. ಆರೋಪಿ, ಅಪರಿಚಿತ. ಹಾಗೆ ಬರೆಯುವಾಗ ಇನ್ಸ್‌ಪೆಕ್ಟರ್‌ಗೇ ಇರಿಸುಮುರಿಸಾಯಿತು. ಗಾಡಿಗೆ ಬೇಡಿ ತೊಡಿಸುವುದಾದರೂ ಹೇಗೆ?

ಆಂಬುಲೆನ್ಸ್ ಕಂಪನಿಯ ತಂತ್ರಜ್ಞೆ ಪರದೆ ತಿರುಗಿಸಿ ತೋರಿಸಿದಳು. "ಈ ಗಾಡಿಗಳು ಒಂದರ ಜೊತೆ ಒಂದು ಮಾತಾಡ್ತಾನೇ ಇರ್ತವೆ ಮೇಡಂ. ನಾನಿಲ್ಲಿದೀನಿ, ಇಷ್ಟು ಸ್ಪೀಡಲ್ಲಿ ಬರ್ತಿದೀನಿ, ಈ ಕಡೆ ತಿರುಗ್ತೀನಿ ಅಂತ. ಅದನ್ನ ಕೇಳಿ ಉಳಿದವು ದಾರಿ ಬಿಡ್ತವೆ."

"ನಿನ್ನೆ ಏನು ಕೇಳಿಸ್ತು?"

"ರಸ್ತೆ ಮಧ್ಯೆ ಕೆಟ್ಟು ನಿಂತಿದೀನಿ ಅಂತ ಒಂದು ಗಾಡಿ ಹೇಳ್ತಿತ್ತು."

"ಕ್ಯಾಮೆರಾಗೆ ಕಂಡಿತಾ?"

"ಇಲ್ಲ. ಆದ್ರೆ ಅನುಮಾನ ಬಂದ್ರೆ ನಿಲ್ಲು ಅಂತ ಕಲಿಸಿರೋದು ನಾವೇ." ಅವಳು ತಲೆ ತಗ್ಗಿಸಿದಳು.

ಮಧ್ಯಾಹ್ನ ಕೂಡುರಸ್ತೆಯ ಶೋಧ ನಡೆಯಿತು. ಆರಡಿ ಮೀರಿದ ಕಾನ್‌ಸ್ಟೆಬಲ್‌ಗೆ ಠಾಣೆಯಲ್ಲಿ ಉದ್ದಣ್ಣ ಎಂದೇ ಹೆಸರು. ಅವನು ಶಾಲೆಯ ಬೇಲಿಗಿಡಗಳ ಕೆಳಗೆ ತೆವಳಿ, ಮೈಕೈಯೆಲ್ಲ ತರಚಿಕೊಂಡು, ಊಟದ ಡಬ್ಬಿಯಷ್ಟಿದ್ದ ಪೆಟ್ಟಿಗೆಯೊಂದನ್ನು ಪತ್ತೆ ಮಾಡಿದ. ಯಾವುದೋ ಗಾಡಿಯಿಂದ ಕಿತ್ತ, ಗಾಡಿಗಳು ತಮ್ಮತಮ್ಮಲ್ಲೇ ಮಾತಾಡುವ ರೇಡಿಯೋ. ಬ್ಯಾಟರಿ ಪೂರ್ತಿ ಇಳಿದಿತ್ತು.

"ಮುಟ್ಟಬೇಡ. ಬ್ಯಾಟರಿ ಹಾಕೋಕೆ ಬಂದೇ ಬರ್ತಾರೆ," ಎಂದರು ಇನ್ಸ್‌ಪೆಕ್ಟರ್. ಪಂಚರ ಸಮಕ್ಷಮ ಫೋಟೋ ತೆಗೆದು ಪಂಚನಾಮೆ ಬರೆದು, ಪೆಟ್ಟಿಗೆಯನ್ನು ಅಲ್ಲೇ ಬಿಟ್ಟರು. ಕಾವಲು ಕೂತರು.

ಮರುದಿನ ಶಾಲೆಯ ಗಂಟೆಗೆ ಮುಂಚೆ, ಕಿವಿಗೆ ಮಫ್ಲರ್ ಸುತ್ತಿಕೊಂಡ ಮುದುಕರೊಬ್ಬರು ಬೇಲಿಯ ಬಳಿ ಬಗ್ಗಿದರು. ಕೈಚೀಲದಲ್ಲಿ ಹೊಸ ಬ್ಯಾಟರಿ. ಉದ್ದಣ್ಣ ರಟ್ಟೆ ಹಿಡಿದಾಗ ಕೊಸರಾಡಲಿಲ್ಲ. ಮೈ ಕೆಂಡದಂತೆ ಸುಡುತ್ತಿತ್ತು.

"ಏನು ಕೆಲಸ?" ಇನ್ಸ್‌ಪೆಕ್ಟರ್ ಕೇಳಿದರು.

"ಗುಜರಿ ಅಂಗಡೀಲಿ ಗಾಡಿ ಬಿಚ್ಚೋದು ತಾಯಿ."

"ಪೆಟ್ಟಿಗೆ ಎಲ್ಲಿಂದ ಬಂತು?"

"ಎರಡು ವರ್ಷದ ಹಿಂದೆ ನನ್ನ ಮೊಮ್ಮಗಳಿಗೆ ಇಲ್ಲೇ ಗುದ್ದಿದ ಗಾಡೀದು. ಬಿಚ್ಚೋಕೆ ನನ್ನ ಕೈಗೇ ಬಂತು. ಬ್ಯಾಟರಿ ಹಾಕಿದ್ರೆ ಈಗ್ಲೂ ಇಲ್ಲೇ ಕೆಟ್ಟು ನಿಂತಿದೀನಿ ಅಂತಾನೇ ಹೇಳುತ್ತೆ." ಮುದುಕರು ಉಸಿರು ಎಳೆದುಕೊಂಡರು. "ಗಾಡಿಗಳು ಗಾಡಿ ಮಾತು ಕೇಳ್ತವೆ. ಮಕ್ಕಳ ಹತ್ರ ಇಂಥ ಪೆಟ್ಟಿಗೆ ಎಲ್ಲಿದೆ? ಅದಕ್ಕೇ ಶಾಲೆ ಶುರುವಾಗೋವಾಗ, ಬಿಡೋವಾಗ ಹಚ್ತಿದ್ದೆ. ಮಕ್ಕಳು ದಾಟಿದ ಮೇಲೆ ಆರಿಸ್ತಿದ್ದೆ."

"ಮೊನ್ನೆ ಯಾಕೆ ಆರಿಸ್ಲಿಲ್ಲ?"

"ಮಧ್ಯಾಹ್ನ ಬೇಗ ಹಚ್ಚಿ ಮನೆಗೆ ಹೋದೆ. ಜ್ವರ. ಮೇಲೇಳೋಕೇ ಆಗ್ಲಿಲ್ಲ."

"ಆ ಹೆಂಗಸಿನ ವಿಷಯ ಗೊತ್ತಾ?"

"ಗೊತ್ತು. ಎರಡು ರಾತ್ರಿ ಕಣ್ಣು ಮುಚ್ಚಿಲ್ಲ."

"ಗೊತ್ತಿದ್ದೂ ಮತ್ತೆ ಹಚ್ಚೋಕೆ ಬಂದ್ರಾ?"

"ಇವತ್ತು ಶಾಲೆ ಇದೆಯಲ್ಲಮ್ಮ."

ಇನ್ಸ್‌ಪೆಕ್ಟರ್ ಬಂಧನದ ಕಾರಣ ಓದಿ ಹೇಳಿ, ಪೆಟ್ಟಿಗೆಯನ್ನು ಜಪ್ತಿ ಮಾಡಿ ಅರಗಿನ ಮೊಹರು ಹಾಕಿಸಿದರು. ಮುದುಕರು ಜೀಪು ಹತ್ತುವಷ್ಟರಲ್ಲಿ ಮಕ್ಕಳು ರಸ್ತೆಯಂಚಿಗೆ ಬರತೊಡಗಿದ್ದರು. ಇನ್ಸ್‌ಪೆಕ್ಟರ್ ಕಣ್ಸನ್ನೆ ಮಾಡಿದರು. ಉದ್ದಣ್ಣ ರಸ್ತೆ ನಡುವೆ ಹೋಗಿ ಎರಡೂ ಕೈ ಚಾಚಿ ನಿಂತ. ಗಾಡಿಗಳು ಒಂದೊಂದಾಗಿ ನಿಂತವು, ಮಕ್ಕಳು ದಾಟಿದರು.

"ನಾಳೆಗೆ ಯಾರು ಮೇಡಂ?" ವಾಪಸು ಬಂದ ಉದ್ದಣ್ಣ ಕೇಳಿದ.

ನಾಳೆಯ ಡ್ಯೂಟಿಗೆ ಠಾಣೆಯಲ್ಲಿ ಒಬ್ಬ ಆಳೂ ಹೆಚ್ಚಿಗೆ ಇರಲಿಲ್ಲ. ಇನ್ಸ್‌ಪೆಕ್ಟರ್ ಮೊಹರು ಹಾಕಿದ ಪೆಟ್ಟಿಗೆ ಎತ್ತಿಕೊಂಡು ಜೀಪು ಹತ್ತಿದರು.