ಆ ಮೂರು ಸೆಕೆಂಡು

೨೦೦೭ರ ಮೇ ತಿಂಗಳ ಒಂದು ಭಾನುವಾರ. ನಾಗಪುರದ ಲಕ್ಷ್ಮೀ ನಗರ. ಎರಡು ಗಂಟೆ ಹತ್ತು ನಿಮಿಷಕ್ಕೆ ಶ್ರೀಶ ಬಾಗಿಲು ತಟ್ಟಿದ. ಹನ್ನೊಂದನೇ ನಿಮಿಷಕ್ಕೆ ಹರಿಪ್ರಿಯಾ ತೆರೆದಳು. ಮೂರು ಗಂಟೆಗೆ ಎಂದಿನಂತೆ ಲೋಡ್ ಶೆಡ್ಡಿಂಗ್. ಆರು ಗಂಟೆಗೆ, ಮಾತು ಕೊಟ್ಟಂತೆ, ಅವಳ ತಂದೆ ಗಿರಿಧರರಾಯರು ಶ್ರೀಶನ ಮನೆಗೆ ಫೋನ್ ಮಾಡಿ, "ಹುಡುಗಿ ಒಲ್ಲೆ ಅಂತಾಳ" ಎಂದು ತಿಳಿಸುವವರಿದ್ದರು.

"ಮತ್ತ ಯಾಕ ಬಂದ್ರಿ? ಇನ್ನೇನು ಕೆಡಿಸೋದು ಉಳದದ?"

"ಕೆಟ್ಟದ್ದನ್ನ ಸರಿ ಮಾಡ್ಲಿಕ್ಕೆ..." ಶ್ರೀಶ ಪೆನ್ ಡ್ರೈವ್ ತೋರಿಸಿದ.

ಹೋದ ಭಾನುವಾರ ಅವಳನ್ನು ನೋಡಲು ಬಂದವನು ಅವನು. ಇಂಟರ್ನೆಟ್ ಪದೇ ಪದೇ ನಿಲ್ಲುತ್ತದೆ ಎಂದು ಅವಳೇ ಅಂದಿದ್ದಳು. ರೌಟರಿಗೆ ಹೊಸ ಫರ್ಮ್‌ವೇರ್, ಅಂದರೆ ಅದನ್ನು ನಡೆಸುವ ತಂತ್ರಾಂಶ, ಹಾಕುತ್ತೇನೆಂದು ಅವನು ಕುಳಿತ. ಅವಳು ಚಹಾ ತರಲು ಒಳಗೆ ಹೋದಾಗ ಫ್ಯಾನ್ ನಿಂತಿತು. ಕರೆಂಟು ಮರಳಿದಾಗ ರೌಟರ್ ಸತ್ತಿತ್ತು!

ಪ್ರತಿಯೊಂದನ್ನೂ ಬರೆದಿಡುವ ಅವಳ ವಹಿಯಲ್ಲಿ ಎಲ್ಲವೂ ದಾಖಲಾಗಿತ್ತು. ಆರಂಭ, ಎರಡು ಐವತ್ತೆರಡು. ಬೇಕಾದ ಸಮಯ, ನಾಲ್ಕು ನಿಮಿಷ; ನಡುವೆ ಕರೆಂಟು ಹೋದರೆ ರೌಟರ್ ಕೆಡುತ್ತದೆ. ಕರೆಂಟು ಹೋಗುವುದು ಮೂರಕ್ಕೆ. ಅಷ್ಟರೊಳಗೆ ಕೆಲಸ ಮುಗಿದಿರಬೇಕು, ಅಂದರೆ ಅವನು ಹಾಕಿದ ಫೈಲೇ ತಪ್ಪು. ಕೇಳಿದ್ದಕ್ಕೆ ಅವನು, "ಕ್ಷಮಸ್ರಿ" ಎಂದು ತಲೆ ತಗ್ಗಿಸಿದನೇ ಹೊರತು ಕಾರಣ ಹೇಳಲಿಲ್ಲ.

ಮಾಡಿದ ತಪ್ಪನ್ನು ಬಾಯಿಬಿಟ್ಟು ಹೇಳದವನ ಜೊತೆ ಬಾಳುವುದು ಹೇಗೆ? ಅವನ ನಗು ಹಿಡಿಸಿತ್ತಲ್ಲ... ಅದಕ್ಕೇ ಸಿಟ್ಟು ಇಮ್ಮಡಿಯಾಗಿತ್ತು.

ಸ್ವಿಚ್ ಹಾಕಿದ ಮೇಲೆ ಮೊದಲ ಮೂರು ಸೆಕೆಂಡು ಮಾತ್ರ ಸತ್ತ ರೌಟರ್ ಹೊಸ ಫೈಲ್ ಸ್ವೀಕರಿಸುತ್ತದೆ. ಅವನು ಸ್ವಿಚ್ಚಿನ ಬಳಿ ನಿಂತ. ಅವಳು ಲ್ಯಾಪ್‌ಟಾಪಿನ ಎಂಟರ್ ಕೀಲಿಯ ಮೇಲೆ ಬೆರಳಿಟ್ಟಳು.

"ಹೂಂ, ಒತ್ರಿ!" ಎಂದ ಶ್ರೀಶ.

ವಿಫಲ.

"ತಡಾ ಮಾಡಿದ್ರಿ."

"ನೀವೇ ಜಲ್ದಿ ಮಾಡಿದ್ರಿ!"

ಕೂಲರಿನ ಬಿಸಿಗಾಳಿಯಲ್ಲಿ ಅವಳು ವಹಿಯಲ್ಲಿ ಸಲಕ್ಕೊಂದು ಗೀಟು ಎಳೆಯುತ್ತ ಹೋದಳು. ಹದಿನಾರು ಸಲ, ಹದಿನಾರೂ ವಿಫಲ!

"ಇದೂ ನಿಮ್ಮಂಗ ಅದ. ಎಷ್ಟು ಕೇಳಿದ್ರೂ ಉತ್ತರಾ ಕೊಡಂಗಿಲ್ಲ!"

ಶ್ರೀಶ ಮತ್ತೆ ಸ್ವಿಚ್ ಹಾಕಿದ.

ಹದಿನೇಳನೆಯ ಸಲ ಪರದೆಯ ಮೇಲೆ ಅಂಕಿಗಳು ಓಡತೊಡಗಿದವು. ಎರಡು ಐವತ್ಮೂರು.

"ನಾಲ್ಕು ನಿಮಿಷ ಯಾರೂ ಮುಟ್ಟಬ್ಯಾಡ್ರಿ" ಎಂದಳು ಹರಿಪ್ರಿಯಾ.

ಐವತ್ತೈದಕ್ಕೆ ಪಡಸಾಲೆಯಲ್ಲಿ ಗಿರಿಧರರಾಯರ ಚಪ್ಪಲಿಯ ಸದ್ದು. ಶ್ರೀಶ ಥಟ್ಟನೆ ಓಡಿ, ಮೇನ್ ಸ್ವಿಚ್ಚಿಗೆ ಅಂಗೈ ಅಡ್ಡ ಹಿಡಿದ.

"ಕಾಕಾ, ಬ್ಯಾಡ್ರಿ! ಎರಡ ನಿಮಿಷ ತಡೀರಿ!"

"ಅಯ್ಯ! ಕರೆಂಟ್ ಬರೋ ಹೊತ್ತಿನ್ಯಾಗ ಎದುರು ಮನಿ ಟೀವಿ ಸುಟ್ಟಾಗಿಂದ ನಾ ಯಾರಿಗೂ ಹೇಳದ ದಿನಾ ಕರೆಂಟ್ ಹೋಗೋಕಿಂತ ಐದು ನಿಮಿಷ ಮೊದಲ ಮೇನ್ ಆರಸ್ತೀನಿ. ಹೋದ ಭಾನುವಾರನೂ ಆರಿಸಿದ್ದೆ" ಎಂದರು ರಾಯರು.

ಅವತ್ತು ಶುರುವಾದದ್ದು ಐವತ್ತೆರಡಕ್ಕೆ... ಆರಿದ್ದು ಐವತ್ತೈದಕ್ಕೆ. ಮೂರೇ ನಿಮಿಷ! ಅವಳ ಲೆಕ್ಕ ಕುಸಿದುಬಿತ್ತು.

ರಾಯರು ನೀರು ಕುಡಿಯಲು ಒಳಗೆ ಹೋದರು.

"ನಿಮಗ ಗೊತ್ತಿತ್ತೇನು?"

"ಸ್ವಿಚ್ ಖಟ್ ಅಂದದ್ದು ಕೇಳಿತ್ತು."

"ಮತ್ತ ಯಾಕ ಹೇಳ್ಲಿಲ್ಲ?"

"ಮಗಳನ್ನ ಕೇಳ್ಲಿಕ್ಕೆ ಬಂದ ಮನಿಯಾಗ, ಅಪ್ಪನ ಮ್ಯಾಲೆ ತಪ್ಪು ಹೊರಸ್ಲಿ ಹ್ಯಾಂಗ? ನಾ ಬೈಸಿಕೊಂಡೆ... ಅವರು ಉಳಕೊಂಡ್ರು."

ಅವಳ ಒಂದು ವಾರದ ಸಿಟ್ಟು ಕರಗಿತು. ಎರಡು ಐವತ್ತೇಳಕ್ಕೆ ರೌಟರಿನಲ್ಲಿ ಹಸಿರು ದೀಪ ಹೊತ್ತಿತು.

"ಉತ್ತರಕ್ಕ ಆರು ಗಂಟೆತನಕ ಕಾಯಬೇಕೇನ್ರಿ?" ಎಂದು ಕೇಳಿದ.

"ಬ್ಯಾಡ. ಮೂರು ಸೆಕೆಂಡ್ ಸಾಕು."

ಅವಳು ವಹಿ ತೆರೆದು ಬರೆದು, ಅವನತ್ತ ತಿರುಗಿಸಿದಳು.

"ದೋಷ: ಶ್ರೀಶನದಲ್ಲ. ಉತ್ತರ: ಒಪ್ಪಿಗೆ."