ಶನಿವಾರ ಬರುವವನು

“ರೀ, ನಿಮ್ಮ ಕೈಯಲ್ಲಿ ರಕ್ತ!”

ಸೆಕಾರ್ ತಲೆ ಎತ್ತಲಿಲ್ಲ. ಚಿಪ್ಪಿನ ಸಂದಿಗೆ ಚೂರಿ ತೂರಿಸಿ, ಒಂದು ತಿರುವು ಕೊಟ್ಟು, ಸಿಂಪಿಯ ಮೆತ್ತನೆಯ ಮಾಂಸವನ್ನು ಬಕೆಟ್ಟಿಗೆ ಜಾರಿಸಿದಳು. ಬಕೆಟ್ಟಿನ ನೀರು ಆಗಲೇ ನಸುಗೆಂಪಾಗಿತ್ತು.

“ರೀ... ನಿಮಗೇ ಹೇಳ್ತಿರೋದು!”

ಆಗ ನೋಡಿದಳು. ಎದುರಿಗೆ ಎಣ್ಣೆ ಮೆತ್ತಿದ ಅಂಗಿಯ ಉದ್ದನೆಯ ಗಂಡಸೊಬ್ಬ. ಕೈಯಲ್ಲಿ ಪಾನಾ. ಸಿಂಪಿಯ ರಾಶಿ ಎತ್ತುವ ರಾಟೆ ಬೆಳಿಗ್ಗೆಯಿಂದ ಕೆಟ್ಟು ನಿಂತಿತ್ತು, ರಿಪೇರಿಗೆ ಬಂದವನಿರಬೇಕು.

“ಪರವಾಗಿಲ್ಲ,” ಎಂದಳು.

“ಪರವಾಗಿಲ್ಲ ಅಂದ್ರೆ? ಕೈಗವಸು ಹರಿದುಹೋಗಿದೆ ನೋಡಿ. ನೋವಾಗ್ತಿಲ್ವಾ?”

“ಪರವಾಗಿಲ್ಲ.”

ಪಕ್ಕದಲ್ಲಿ ಕೂತಿದ್ದ ಹಮಾಯೆ ಅಜ್ಜಿಗೆ ತಡೆಯಲಾಗಲಿಲ್ಲ. ಆ ಶೆಡ್ಡಿನಲ್ಲಿ ಸಿಂಪಿ ಬಿಡಿಸುವ ಹೆಂಗಸರಿಗೆಲ್ಲ ಅವಳೇ ಹಿರಿಯಳು. ಚೂರಿಯಷ್ಟೇ ಚುರುಕು ನಾಲಿಗೆ.

“ಲೋ ಕುನಿಶಿಗೆ, ಅವಳನ್ನ ಕೇಳಿ ಏನು ಬಂತೋ! ಊಟ ಆಯ್ತಾ ಅಂದ್ರೂ ಪರವಾಗಿಲ್ಲ. ಚಳೀನಾ ಅಂದ್ರೂ ಪರವಾಗಿಲ್ಲ. ಮನೆಗೆ ಬೆಂಕಿ ಬಿದ್ದಿದೆ ಬಾರೇ ಅಂದ್ರೂ ಅದೇ ಹೇಳ್ತಾಳೆ!”

“ಜಪಾನಿ ಬರಲ್ವಾ ಅವರಿಗೆ?”

“ಬರಲ್ವಾ? ನಿನಗಿಂತ ಚೆನ್ನಾಗಿ ಬರುತ್ತೆ ಕಣೋ! ಟಿವಿಯಲ್ಲಿ ವಾರ್ತೆ ಓದೋರ ಥರ ಮಾತು. ಪರೀಕ್ಷೆ ಪಾಸು ಮಾಡಿ ಬಂದಿದ್ದಾಳೆ. ಆದ್ರೆ ಬಾಯಿ ಬಿಡಬೇಕಲ್ಲ!”

ಕುನಿಶಿಗೆ ಎಂಬ ಆ ಮೆಕ್ಯಾನಿಕ್ಕು ಪಾನಾ ಕೆಳಗಿಟ್ಟ. ಕತ್ತಿನ ಟವೆಲ್ಲು ತೆಗೆದು, ಸ್ವಚ್ಛವಾಗಿದ್ದ ತುದಿಯನ್ನು ಹರಿದು, ಅವಳ ಬೆರಳಿಗೆ ಬಿಗಿಯಾಗಿ ಸುತ್ತಿದ. ಸೆಕಾರ್ ತನ್ನ ಕೈಯನ್ನು ಬೇರೆ ಯಾರದೋ ಕೈ ನೋಡುವಂತೆ ನೋಡುತ್ತಿದ್ದಳು.

“ರಾಟೆ ರಿಪೇರಿಗೆ ಬಂದ್ಯಾ, ಹುಡುಗಿ ರಿಪೇರಿಗೆ ಬಂದ್ಯಾ?” ಅಜ್ಜಿ ಕೇಳಿದಳು. ಶೆಡ್ಡಿನ ತುಂಬ ನಗು.

ಕುನಿಶಿಗೆಯ ಕಿವಿ ಕೆಂಪಾಯಿತು. ಎದ್ದವನು ಹೊರಡುವ ಮೊದಲು ಹೇಳಿದ: “ಶನಿವಾರ ಸಂಜೆ ಪಂಚಾಯ್ತಿ ಹಾಲ್‌ನಲ್ಲಿ ಹೊರದೇಶದಿಂದ ಬಂದೋರಿಗೆ ಮಾತಿನ ಕ್ಲಾಸು ನಡೆಸ್ತೀವಿ. ಪುಸ್ತಕ ಇಲ್ಲ, ಪರೀಕ್ಷೆ ಇಲ್ಲ. ಬರೀ ದಿನನಿತ್ಯದ ಮಾತು. ಬನ್ನಿ.”

“ಪರವಾಗಿಲ್ಲ,” ಎಂದಳು ಸೆಕಾರ್.

“ಅದು ಬರ್ತೀನಿ ಅಂತಲೋ, ಬರಲ್ಲ ಅಂತಲೋ?”

ಅವಳಿಗೇ ಗೊತ್ತಿರಲಿಲ್ಲ.

*

ಜಾವಾದ ತೆಗಾಲ್ ಬಂದರಿನ ಹುಡುಗಿ ಸೆಕಾರ್ ಹೀಗಿದ್ದವಳಲ್ಲ. ಅಲ್ಲಿ ಅವಳ ಬಾಯಿಗೆ ಇಡೀ ಮೀನು ಮಾರುಕಟ್ಟೆಯೇ ಹೆದರುತ್ತಿತ್ತು!

ಹಿಂದಿನ ಮಳೆಗಾಲದಲ್ಲಿ ಅಪ್ಪ ಹೋದ. ಹಿರೋಶಿಮಾ ಕಡೆಯ ಈ ಕೊಲ್ಲಿಯಿಂದ ಅಲ್ಲಿಗೆ ಹೊರಟರೂ ಮಣ್ಣು ಮಾಡುವ ಹೊತ್ತಿಗೆ ತಲುಪುವಂತಿರಲಿಲ್ಲ. ಊಟದ ಬಿಡುವಿನಲ್ಲಿ, ಮಂಜುಗಡ್ಡೆಯ ಪೆಟ್ಟಿಗೆಗಳ ಹಿಂದೆ ನಿಂತು, ಫೋನಿನಲ್ಲಿ ಅಪ್ಪನನ್ನು ಮಣ್ಣು ಮಾಡುವುದನ್ನು ನೋಡಿದಳು. ಚಿತ್ರ ಎರಡು ಸಲ ನಿಂತುಹೋಯಿತು. ಬಿಡುವು ಮುಗಿಯಿತು. ಕೈಗವಸು ಹಾಕಿಕೊಂಡು ಮತ್ತೆ ಬಂದು ಕೂತಳು.

‘ಏನಾಯ್ತೇ? ಮುಖ ಯಾಕೆ ಹಾಗಿದೆ?’ ಎಂದು ಅಜ್ಜಿ ಕೇಳಿದ್ದಳು.

ಅಪ್ಪ ಸತ್ತ ಎಂದು ಹೇಳುವ ಜಪಾನಿ ಮಾತು ಅವಳಿಗೆ ಗೊತ್ತಿತ್ತು. ಪರೀಕ್ಷೆಗೆ ಓದಿದ್ದಳು. ಆದರೆ ಆಮೇಲೆ? ಅವರು ‘ಅಯ್ಯೋ’ ಎಂದರೆ ತಾನು ಏನೆನ್ನಬೇಕು? ಅದು ಯಾವ ಪಾಠದಲ್ಲೂ ಇರಲಿಲ್ಲ. ‘ಪರವಾಗಿಲ್ಲ’ ಎಂದುಬಿಟ್ಟಳು. ಅವತ್ತಿನಿಂದ ಅದೊಂದೇ ಮಾತು ಉಳಿಯಿತು. ಒಳಗೂ ಹಾಗೆಯೇ. ಐಸು ನೀರಿನಲ್ಲಿ ತುಂಬ ಹೊತ್ತು ಇಟ್ಟ ಬೆರಳಿನ ಹಾಗೆ... ಇದೆ, ಆದರೆ ತನ್ನದಲ್ಲ.

ಕ್ಲಾಸಿಗೆ ಅವಳಾಗಿ ಹೋಗಲಿಲ್ಲ. ಹಮಾಯೆ ಅಜ್ಜಿ ತೋಳು ಹಿಡಿದು ಎಳೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದಳು.

ಹಗಲೆಲ್ಲ ದೋಣಿಯ ಎಂಜಿನ್ ಬಿಚ್ಚುವ ಕುನಿಶಿಗೆ ಕಲಿಸುತ್ತಿದ್ದುದೇ ವಿಚಿತ್ರ ಪಾಠಗಳನ್ನು.

“ಇವತ್ತು ಗೊಣಗೋದು ಕಲಿಯೋಣ,” ಎನ್ನುತ್ತಿದ್ದ. “ಸಾರು ತಣ್ಣಗಿದೆ. ಹೇಳಿ, ಏನಂತೀರಿ?”

“ಪರವಾ...”

“ಊಹೂಂ!”

“ಸಾರು... ತಣ್ಣಗಿದೆ.”

“ಸಿಟ್ಟಿಂದ ಹೇಳಿ!”

“ಸಿಟ್ಟು ಬಂದಿಲ್ಲವಲ್ಲ,” ಎಂದಳು ಸೆಕಾರ್, ತಣ್ಣಗೆ. ಪಕ್ಕದ ಫಿಲಿಪೀನ್ಸ್ ಹುಡುಗ ಮೇಜು ಬಡಿದು ನಕ್ಕ.

ಕ್ಲಾಸು ಮುಗಿದ ಮೇಲೆ ಅವನು ಸಮುದ್ರದ ತಡೆಗೋಡೆಯ ಪಕ್ಕ ಹಾಸ್ಟೆಲಿನವರೆಗೆ ಅವಳ ಜೊತೆ ನಡೆದು ಬರುತ್ತಿದ್ದ. ದಾರಿಬದಿಯ ನಾಣ್ಯ ಹಾಕುವ ಮಷಿನ್ನಿನಿಂದ ಜೋಳದ ಬಿಸಿ ಸೂಪಿನ ಡಬ್ಬಿ ತೆಗೆದು ಕೊಡುತ್ತಿದ್ದ. ಅವಳು ಒಳಗೆ ಹೋಗಿ ದೀಪ ಹಚ್ಚುವವರೆಗೂ ಗೇಟಿನ ಹತ್ತಿರ ನಿಂತಿರುತ್ತಿದ್ದ. ಪ್ರತಿ ಶನಿವಾರ.

ಶನಿವಾರ!

ಅವಳ ಊರಿನಲ್ಲಿ ಶನಿವಾರದ ಸಂಜೆಗೆ ಒಂದೇ ಅರ್ಥ. ಹುಡುಗ ಮುಖ ತೊಳೆದು, ತಲೆ ಬಾಚಿ, ಹುಡುಗಿಯ ಮನೆಗೆ ಬರುತ್ತಾನೆ. ಜಗಲಿಯಲ್ಲಿ ಕೂತು ಅವಳ ಅಪ್ಪ ಕೊಟ್ಟ ಚಹಾ ಕುಡಿಯುತ್ತಾನೆ. ಏನೂ ಹೇಳುವುದಿಲ್ಲ. ಹೇಳುವುದೇಕೆ? ಒಂದು ಶನಿವಾರ ಬಂದವನು ಮುಂದಿನ ಶನಿವಾರವೂ ಬಂದನೆಂದರೆ ಬೀದಿಗೆಲ್ಲ ತಿಳಿಯಿತು. ಬೇರೆ ದಿನ ಬಂದವನು ನೆಂಟ. ಶನಿವಾರ ಬಂದವನು ಅಳಿಯ.

ಸಂತೋಷವಾಯಿತು ಎಂದರೆ ಸುಳ್ಳಾದೀತು. ಆದರೆ ಸೂಪಿನ ಡಬ್ಬಿ ಹಿಡಿದಾಗ ಮರಗಟ್ಟಿದ ಬೆರಳು ಜುಮ್ಮೆನ್ನುತ್ತದಲ್ಲ, ಹಿತವೂ ಅಲ್ಲ ನೋವೂ ಅಲ್ಲ... ಅಂಥದ್ದೇನೋ ಎದೆಯಲ್ಲೂ ಆಗತೊಡಗಿತು.

ಅಮ್ಮನಿಗೆ ಫೋನಿನಲ್ಲಿ ಹೇಳಿದಳು: “ಒಬ್ಬರು ನನ್ನ ಹಾಸ್ಟೆಲಿನ ತನಕ ಬಿಡ್ತಾರಮ್ಮ.”

“ಯಾವತ್ತು?”

“ಶನಿವಾರ.”

“ಎಲ್ಲಾ ಶನಿವಾರಾನಾ ಮಗಳೇ?”

“ಹೂಂ.”

“ಹಾಗಾದ್ರೆ ಇಲ್ಲಿ ಕೇಳ್ಕೊಂಡು ಬಂದಿರೋ ಸಂಬಂಧಕ್ಕೆ ಬೇಡ ಅಂದುಬಿಡ್ತೀನಿ.” ಅಮ್ಮನ ದನಿ ಒದ್ದೆಯಾಗಿತ್ತು. “ನಿಮ್ಮಪ್ಪ ಇದ್ದಿದ್ರೆ... ಜಗಲಿ ಗುಡಿಸಿ ಕಾಯ್ತಿದ್ದ.”

ಅದೇ ವಾರ ಶೆಡ್ಡಿನ ಯಜಮಾನ ಕರೆದು ಕೇಳಿದ: “ವಸಂತಕ್ಕೆ ನಿನ್ನ ಕರಾರು ಮುಗಿಯುತ್ತೆ. ಇನ್ನೂ ಇರ್ತೀಯಾ, ಊರಿಗೆ ಹೋಗ್ತೀಯಾ? ಯೋಚನೆ ಮಾಡು. ಸಿಂಪಿ ಹಬ್ಬ ಮುಗಿದ ಮೇಲಿನ ಸೋಮವಾರ ಹೇಳು.”

ಯೋಚಿಸಲು ಏನಿದೆ? ಇರುವುದೇ!

*

ಸಿಂಪಿ ಹಬ್ಬದ ದಿನ ದೋಣಿ ನಿಲ್ಲುವ ಧಕ್ಕೆಯ ತುಂಬ ಜಾಲರಿ ಒಲೆಗಳು, ಹೊಗೆ, ಜನ. ಬೆಂಕಿಯ ಮೇಲೆ ಚಿಪ್ಪುಗಳು ಪಟಪಟನೆ ಬಾಯಿ ತೆರೆಯುತ್ತಿದ್ದವು. ಕುನಿಶಿಗೆ ಅವಳಿಗೊಂದು ತಟ್ಟೆ ತಂದುಕೊಟ್ಟ. ಇಬ್ಬರೂ ಪಕ್ಕಪಕ್ಕ ನಿಂತಿದ್ದರು.

“ಓಹೋ, ಕುನಿಶಿಗೆ!” ಬೆನ್ನಿಗೆ ಮಗು ಕಟ್ಟಿಕೊಂಡ ಹೆಂಗಸೊಬ್ಬಳು ಜನರ ನಡುವೆ ನುಗ್ಗಿ ಬಂದಳು. ಅವನ ಜೊತೆ ಶಾಲೆಗೆ ಹೋದವಳಂತೆ, ಹೆಸರು ಮನಾಮಿ. “ಯಾರಪ್ಪಾ ಇವರು? ನಿನ್ನ ಹುಡುಗೀನಾ? ನಮಗೆಲ್ಲ ಹೇಳೇ ಇಲ್ಲ ನೀನು!”

ಸೆಕಾರ್ ತಲೆ ತಗ್ಗಿಸಿದಳು. ಎದೆ ಡವಗುಟ್ಟಿತು... ಎಷ್ಟೋ ತಿಂಗಳ ಮೇಲೆ!

ಕುನಿಶಿಗೆ ಮುಖದ ಮುಂದೆ ಕೈಯನ್ನು ಜೋರಾಗಿ ಆಡಿಸಿದ. “ಛೇ ಛೇ! ಹಾಗೇನಿಲ್ಲ! ಕ್ಲಾಸಿಗೆ ಬರೋರು, ಅಷ್ಟೇ!”

ಅಷ್ಟೇ.

ಸೆಕಾರ್ ನಮಸ್ಕರಿಸಿದಳು. ಮಗು ಮುದ್ದಾಗಿದೆ ಎಂದಳು. ಕುದಿಯುವ ಸಿಂಪಿಯನ್ನು ಆರಿಸದೆ ಬಾಯಿಗೆ ಹಾಕಿಕೊಂಡಳು. ನಾಲಿಗೆ ಸುಟ್ಟಿತೇನೋ. ತಿಳಿಯಲಿಲ್ಲ.

‘ಇಷ್ಟು ಶನಿವಾರ ಬಂದವನು... ಛೇ ಛೇ ಅಂದ.’

ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಹಾಸ್ಟೆಲಿಗೆ ಹೋಗಿ ಅಕ್ಕಿ ತೊಳೆದಳು, ಅನ್ನಕ್ಕಿಟ್ಟಳು, ಗೋಡೆ ನೋಡುತ್ತ ಕೂತಳು. ಅಮ್ಮನಿಗೆ ಬರೆದಳು: ಊರಿಗೆ ಬರುತ್ತೇನೆ. ಅಮ್ಮ ಯಾಕೆಂದು ಕೇಳಿದಳು. ಉತ್ತರ ಬರೆಯಲಿಲ್ಲ.

ಎರಡು ದಿನ ಬಿಟ್ಟು ಬಂದ ಶನಿವಾರ ಕ್ಲಾಸಿಗೂ ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ಶೆಡ್ಡಿನಲ್ಲಿ ಅರ್ಧ ದಿನದ ಕೆಲಸವಿತ್ತು. ಹಮಾಯೆ ಅಜ್ಜಿ ಕಣ್ಣಂಚಿನಲ್ಲೇ ನೋಡುತ್ತ ನೋಡುತ್ತ, ಕೊನೆಗೆ ಚೂರಿಯ ಹಿಡಿಯಿಂದ ಅವಳ ಮೊಣಕಾಲಿಗೆ ತಟ್ಟಿದಳು.

“ನಿನ್ನೆ ಆ ಕುನಿಶಿಗೆ ಹಾಲ್ ಬಾಗಿಲಲ್ಲೇ ನಿಂತಿದ್ದ. ಪಾಠನೂ ಮಾಡಲಿಲ್ಲ, ಏನೂ ಇಲ್ಲ. ಏನಾಯ್ತೇ?”

“ನಾಳೆ ಯಜಮಾನರಿಗೆ ಹೇಳ್ತೀನಿ ಅಜ್ಜಿ. ಊರಿಗೆ ಹೋಗ್ತೀನಿ.”

“ಯಾಕೆ?”

ಸೆಕಾರ್ ಬಾಯಿ ತೆರೆದಳು. ಬರಬೇಕಾದ ಆ ಒಂದು ಮಾತು ಯಾಕೋ ಬರಲಿಲ್ಲ. ಬದಲಿಗೆ ಹಬ್ಬದ ದಿನದ್ದೆಲ್ಲ ತುಂಡುತುಂಡಾಗಿ ಬಂತು. ಶನಿವಾರ, ಜಗಲಿ, ಗೇಟು, ಅಮ್ಮ ಬಿಟ್ಟುಕೊಟ್ಟ ಸಂಬಂಧ, ಛೇ ಛೇ.

ಅಜ್ಜಿ ಚೂರಿ ಕೆಳಗಿಟ್ಟಳು. “ಅಲ್ಲಾ... ಅವನು ನಿನ್ನ ಕೇಳಿದ್ನಾ?”

“ಏನು ಕೇಳೋದು?”

“ನೀನಂದ್ರೆ ಇಷ್ಟ, ನನ್ನ ಜೊತೆ ಇರ್ತೀಯಾ ಅಂತ! ಬಾಯಿಬಿಟ್ಟು!”

“ಇಲ್ಲ. ನಮ್ಮೂರಲ್ಲಿ ಯಾರೂ ಕೇಳಲ್ಲ. ಶನಿವಾರ ಬಂದ್ರೆ ಸಾಕು.”

“ಅಯ್ಯೋ ನನ್ನಮ್ಮಾ!” ಅಜ್ಜಿ ಹೊಟ್ಟೆ ಹಿಡಿದು ನಕ್ಕಳು. ಕೆಮ್ಮು ಬರುವವರೆಗೂ ನಕ್ಕಳು. “ಅವನಿಗೆ ಶನಿವಾರ ಬಿಟ್ಟರೆ ಹಾಲ್ ಸಿಗಲ್ಲ ಕಣೇ! ಬೇರೆ ಸಂಜೆಯೆಲ್ಲ ಮಕ್ಕಳ ಕರಾಟೆ, ನಮ್ಮ ಮುದುಕಿಯರ ಹಾಡು!”

ಸೆಕಾರ್ ನಗಲಿಲ್ಲ.

ಅಜ್ಜಿಯ ದನಿ ಇಳಿಯಿತು. “ಕೇಳು ಮಗಾ. ಇಲ್ಲಿ ಬಾಯಿಬಿಟ್ಟು ಕೇಳಿ, ಆ ಕಡೆಯಿಂದ ಹೂಂ ಅನ್ನೋ ತನಕ ಯಾರೂ ಯಾರಿಗೂ ಏನೂ ಅಲ್ಲ. ವರ್ಷಗಟ್ಟಲೆ ಸೂಪು ಕುಡಿಸಿದ್ರೂ ಅಲ್ಲ! ಕೇಳದೇ ನನ್ನ ಹುಡುಗಿ ಅಂತ ಹೇಳ್ಕೊಂಡು ತಿರುಗಿದ್ರೆ ಅದು ನಿನಗೇ ಅವಮಾನ. ಅದಕ್ಕೇ ಛೇ ಛೇ ಅಂದಿರ್ತಾನೆ.”

“ಹಾಗಾದ್ರೆ ಯಾಕೆ ಕೇಳಲಿಲ್ಲ?”

“ಅದನ್ನ ನನ್ನ ಯಾಕೆ ಕೇಳ್ತೀ? ಹೋಗು! ನಿನ್ನ ಬಕೆಟ್ಟು ನಾನು ತುಂಬಿಸ್ತೀನಿ. ಹೋಗೇ!”

*

ಕುನಿಶಿಗೆ ಧಕ್ಕೆಯ ಅಂಚಿನಲ್ಲಿ, ಬಿಚ್ಚಿಟ್ಟ ಎಂಜಿನ್ನಿನ ಪಕ್ಕ ಮಧ್ಯಾಹ್ನದ ಊಟಕ್ಕೆ ಕೂತಿದ್ದ. ಕೈಯಲ್ಲಿ ಅನ್ನದ ಉಂಡೆ. ಅವಳನ್ನು ಕಂಡು ತಟ್ಟನೆ ಎದ್ದು ನಿಂತ.

“ಸೆಕಾರ್ ಸಾನ್! ನಿನ್ನೆ ಬರಲಿಲ್ಲ. ಹುಷಾರಿಲ್ವೇನೋ ಅಂತ...”

ಅವಳು ರಬ್ಬರ್ ಬೂಟಿನಲ್ಲೇ ಬಂದಿದ್ದಳು. ಏಪ್ರನ್ನಿನಿಂದ ಉಪ್ಪುನೀರು ತೊಟ್ಟಿಕ್ಕುತ್ತಿತ್ತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ವಾರ್ತೆಯಂಥ ಮಾತುಗಳೆಲ್ಲ ಚದುರಿಹೋದವು.

“ನನಗೆ ಸಿಟ್ಟು ಬಂದಿದೆ,” ಎಂದಳು.

ಅವನ ಕಣ್ಣುಗಳು ಅಗಲವಾದವು. “ಸಿಟ್ಟಾ? ನಿಜವಾಗ್ಲೂ?”

“ಖುಷಿಪಡಬೇಡಿ! ಪಾಠ ಅಲ್ಲ ಇದು!” ತನ್ನ ದನಿ ತನಗೇ ಅಪರಿಚಿತವೆನಿಸಿತು. “ನೀವು ಛೇ ಛೇ ಅಂದ್ರಿ. ಎಲ್ಲರ ಮುಂದೆ. ಕೈ ಬೇರೆ ಆಡಿಸಿದ್ರಿ. ನನಗೆ ನೋವಾಯ್ತು. ಶನಿವಾರ ಶನಿವಾರ ಬಂದು, ಗೇಟಲ್ಲಿ ನಿಂತು, ಆಮೇಲೆ ಅಷ್ಟೇ ಅಂದ್ರೆ? ನಮ್ಮೂರಲ್ಲಾಗಿದ್ರೆ ನಮ್ಮಪ್ಪ...”

ಅಲ್ಲಿಗೆ ನಿಂತಳು.

“ನಮ್ಮಪ್ಪ ಸತ್ತುಹೋದ,” ಎಂದಳು. “ಮಳೆಗಾಲದಲ್ಲಿ. ನಾನು ಯಾರಿಗೂ ಹೇಳಲಿಲ್ಲ.”

ಅವನು ‘ಅಯ್ಯೋ’ ಎನ್ನಲಿಲ್ಲ. ಅನ್ನದ ಉಂಡೆ ಹಿಡಿದುಕೊಂಡೇ ತಲೆ ತಗ್ಗಿಸಿ ನಿಂತ, ತುಂಬ ಹೊತ್ತು. ಅವಳ ಗಲ್ಲದ ಮೇಲೆ ಬಿಸಿಯಾಗಿ ಏನೋ ಇಳಿಯಿತು. ಮುಟ್ಟಿ ನೋಡಿಕೊಂಡಳು.

“ಕೇಳಬೇಕು ಅಂತ ಎಷ್ಟು ಸಲ ಅಂದ್ಕೊಂಡೆ,” ಕೊನೆಗೆ ಅವನು ಮೆಲ್ಲಗೆ ಹೇಳಿದ. “ಗೇಟಿನ ಹತ್ತಿರ ನಿಂತಾಗೆಲ್ಲ. ಆದ್ರೆ ನೀವು ಎಲ್ಲದಕ್ಕೂ ಪರವಾಗಿಲ್ಲ ಅಂತೀರಿ. ನನಗೂ ಹಾಗೇ ಅಂದುಬಿಟ್ರೆ? ಬೇಡದೇ ಇದ್ರೂ ಹೂಂ ಅಂದುಬಿಟ್ರೆ? ನನಗೆ ಹೇಗೆ ಗೊತ್ತಾಗ್ಬೇಕು? ನಿಮ್ಮ ಬಾಯಲ್ಲಿ ಬೇಡ ಅನ್ನೋದು ಬರೋ ತನಕ ಕೇಳಬಾರದು... ಅಂದ್ಕೊಂಡಿದ್ದೆ.”

ಸೆಕಾರ್ ಅವನನ್ನೇ ನೋಡಿದಳು. ಗೊಣಗುವ ಪಾಠ, ಸಿಟ್ಟಿನ ಪಾಠ, ಸಾರು ತಣ್ಣಗಿದೆ...

‘ಇದಕ್ಕಾ? ಇದಕ್ಕೆ ಕಲಿಸಿದ್ದಾ?’

“ಈಗ ಕೇಳ್ತೀನಿ.” ಅವನು ಬೆನ್ನು ನೆಟ್ಟಗೆ ಮಾಡಿದ. ಕಿವಿ ಕೆಂಡವಾಗಿತ್ತು. “ಸೆಕಾರ್ ಸಾನ್, ನೀವಂದ್ರೆ ನನಗೆ ಇಷ್ಟ. ನನ್ನ ಜೊತೆ ಇರ್ತೀರಾ?”

ಕೊಲ್ಲಿಯಲ್ಲಿ ದೋಣಿಯೊಂದು ದಡದಡ ಎನ್ನುತ್ತ ಹಾದುಹೋಯಿತು.

“ಬೇಡ,” ಎಂದಳು.

ಅವನ ಮುಖ ಇಳಿದುಹೋಯಿತು. “ಸರಿ. ಬೇಡ ಅಂದ್ರೆ... ಸರಿ. ಕ್ಷಮಿಸಿ...”

“ಹೀಗೆ ಬೇಡ. ಎಣ್ಣೆ ಕೈಯಲ್ಲಿ, ನಡುಮಧ್ಯಾಹ್ನ, ಅನ್ನದ ಉಂಡೆ ಹಿಡ್ಕೊಂಡು! ಶನಿವಾರ ಬನ್ನಿ. ಕ್ಲಾಸಿಗಲ್ಲ, ನನ್ನ ಗೇಟಿಗೆ. ಮುಖ ತೊಳ್ಕೊಂಡು, ತಲೆ ಬಾಚ್ಕೊಂಡು. ನಮ್ಮಮ್ಮ ಫೋನಲ್ಲಿರ್ತಾಳೆ. ಅವಳ ಮುಂದೆ ಕೇಳಿ.”

ಅವನು ಉಂಡೆ ಹಿಡಿದ ಕೈಯನ್ನು ತಟ್ಟನೆ ಕೆಳಗಿಳಿಸಿದ. “ಅಲ್ಲಿ ತನಕ ನೀವು ಇರ್ತೀರಾ? ವಸಂತಕ್ಕೆ ನಿಮ್ಮ ಕರಾರು ಮುಗಿಯುತ್ತೆ ಅಂತ ಯಜಮಾನರು...”

“ಕೇಳೋಕೆ ಬರೋರಿದ್ರೆ ಇರಬೇಕಲ್ಲ. ನಾಳೆ ಹೇಳ್ತೀನಿ ಅವರಿಗೆ.”

“ಆಗ... ಶನಿವಾರ ಕೇಳಿದ್ರೆ... ಏನಂತೀರಿ?”

“ಅದನ್ನ ಶನಿವಾರ ಹೇಳ್ತೀನಿ,” ಎಂದಳು ಸೆಕಾರ್. ಕಣ್ಣು ಒರೆಸಿಕೊಂಡು, “ಚೆನ್ನಾಗಿ ತಲೆ ಬಾಚ್ಕೊಂಡು ಬಂದ್ರೆ.”

ಅಷ್ಟರಲ್ಲಿ ಆಕಾಶದಿಂದ ಹದ್ದೊಂದು ಸೊಯ್ಯನೆ ಇಳಿದು, ಅವನ ಕೈಯಲ್ಲಿದ್ದ ಅನ್ನದ ಉಂಡೆಯನ್ನು ಕಸಿದುಕೊಂಡು ಸಮುದ್ರದ ಮೇಲೆ ಹಾರಿಹೋಯಿತು.